ಮಾನವ ಅಭಿವೃದ್ಧಿ: ಅರ್ಥ, ಅಳತೆ ಮತ್ತು ಐದು ತಾಲ್ಲೂಕುಗಳಿಗೆ ಅದರ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಶಿಕ್ಷಕರು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಅಧ್ಯಯನಕ್ಕಾಗಿ)

1. ಅಭಿವೃದ್ಧಿ ಎಂದರೆ ಏನು?

ಗ್ರಾಮ ಸಭೆಯ ನಡಾವಳಿ ಪುಸ್ತಕವನ್ನು ತೆರೆದರೆ ಅಭಿವೃದ್ಧಿ ಎಂಬ ಶೀರ್ಷಿಕೆಯ ಕೆಳಗೆ ಹೆಚ್ಚಾಗಿ ಕಾಣುವುದು ಕಾಮಗಾರಿಗಳ ಪಟ್ಟಿ. ಇಷ್ಟು ಮೀಟರ್ ಚರಂಡಿ, ಇಷ್ಟು ಮೀಟರ್ ಸಿ.ಸಿ. ರಸ್ತೆ, ಒಂದು ಸಮುದಾಯ ಭವನ, ಒಂದು ಕೊಳವೆ ಬಾವಿ. ಇವೆಲ್ಲವೂ ಬೇಕಾದವುಗಳೇ. ಆದರೆ ರಸ್ತೆಯಾದ ಮೇಲೆ ಆ ರಸ್ತೆಯಲ್ಲಿ ಯಾವ ಮಗು ಪ್ರೌಢಶಾಲೆಗೆ ಹೋಯಿತು, ಯಾವ ಗರ್ಭಿಣಿ ಸಕಾಲಕ್ಕೆ ಆಸ್ಪತ್ರೆ ತಲುಪಿದಳು, ಯಾವ ರೈತನ ಬೆಳೆಗೆ ಹೆಚ್ಚಿನ ಬೆಲೆ ಸಿಕ್ಕಿತು ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ರಸ್ತೆ ಸಾಧನ, ಮನುಷ್ಯನ ಬದುಕು ಗುರಿ. ಸಾಧನವನ್ನೇ ಗುರಿಯೆಂದು ಎಣಿಸಿದಾಗ ಹಣ ಖರ್ಚಾಗಿಯೂ ಬದುಕು ಇದ್ದಲ್ಲೇ ಉಳಿಯಬಹುದು.

ಇದೇ ತಪ್ಪು ದೇಶಗಳ ಮಟ್ಟದಲ್ಲಿಯೂ ಬಹುಕಾಲ ನಡೆಯಿತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಒಂದು ದೇಶ ಎಷ್ಟು ಮುಂದುವರಿದಿದೆ ಎಂಬುದನ್ನು ಅದರ ರಾಷ್ಟ್ರೀಯ ಉತ್ಪನ್ನ ಅಥವಾ ತಲಾ ಆದಾಯದಿಂದ ಮಾತ್ರ ನಿರ್ಧರಿಸುವ ರೂಢಿ ಇತ್ತು. ದೇಶದ ಒಟ್ಟು ಆದಾಯವನ್ನು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ದೊರೆಯುತ್ತದೆ. ಆ ಆದಾಯ ಯಾರ ಕೈಯಲ್ಲಿದೆ, ಅದರಿಂದ ಆರೋಗ್ಯ ಬಂದಿತೇ, ಅಕ್ಷರ ಬಂದಿತೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಬಳ್ಳದಿಂದ ಜೋಳವನ್ನು ಅಳೆಯಬಹುದು, ಹೊಲವನ್ನು ಅಳೆಯಲಾಗದು. ಹಾಗೆಯೇ ಆದಾಯವೆಂಬ ಒಂದೇ ಅಳತೆಯಿಂದ ಬದುಕನ್ನು ಅಳೆಯಲಾಗದು.

2. ಸೂಚ್ಯಂಕದ ಹುಟ್ಟು

ಈ ಕೊರತೆಯನ್ನು ನೀಗಲು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಪ್ರಕಟಿಸಿತು. ಇದರ ರೂವಾರಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಅವರೊಂದಿಗೆ ದುಡಿದ ಪ್ರಮುಖರಲ್ಲಿ ಭಾರತದ ಅಮರ್ತ್ಯ ಸೇನ್ ಒಬ್ಬರು. ಸೇನ್ ಅವರಿಗೆ 1998ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಸೇನ್ ಅವರ ವಿಚಾರದ ತಿರುಳು ಇಷ್ಟು: ಒಬ್ಬ ಮನುಷ್ಯ ತಾನು ಬೆಲೆ ಕೊಡುವ ಬದುಕನ್ನು ಬದುಕಲು ನಿಜವಾಗಿ ಎಷ್ಟು ಶಕ್ತನಾಗಿದ್ದಾನೆ ಎಂಬುದೇ ಅಭಿವೃದ್ಧಿಯ ಅಳತೆ. ಇಬ್ಬರ ಮನೆಯಲ್ಲಿಯೂ ಒಂದೊಂದು ಸೈಕಲ್ ಇರಬಹುದು. ಒಬ್ಬಳಿಗೆ ಅದನ್ನು ತುಳಿದು ಶಾಲೆಗೆ ಹೋಗುವ ಅನುಮತಿ ಇದೆ, ಇನ್ನೊಬ್ಬಳಿಗೆ ಇಲ್ಲ. ವಸ್ತು ಒಂದೇ, ಸಾಮರ್ಥ್ಯ ಬೇರೆ.

ಇಂಥ ಆಳವಾದ ವಿಚಾರವನ್ನು ಒಂದೇ ಅಂಕಿಗೆ ಇಳಿಸುವುದು ಒರಟು ಕೆಲಸವೆಂದು ಸೇನ್ ಅವರಿಗೆ ಆರಂಭದಲ್ಲಿ ಅನುಮಾನವಿತ್ತು. ಆದರೆ ತಲಾ ಆದಾಯವೆಂಬ ಒಂದು ಅಂಕಿಯನ್ನು ಪಕ್ಕಕ್ಕೆ ಸರಿಸಬೇಕಾದರೆ ಅಷ್ಟೇ ಸರಳವಾದ ಇನ್ನೊಂದು ಅಂಕಿ ಬೇಕೆಂಬುದು ಹಕ್ ಅವರ ವಾದವಾಗಿತ್ತು. ಆ ವಾದ ಗೆದ್ದಿತು. ಮಾನವ ಅಭಿವೃದ್ಧಿ ಸೂಚ್ಯಂಕ ಹುಟ್ಟಿದ್ದು ಹೀಗೆ. ಅದು ಒರಟು ಅಳತೆ ಎಂಬುದನ್ನು ಅದನ್ನು ರೂಪಿಸಿದವರೇ ಬಲ್ಲವರಾಗಿದ್ದರು ಎಂಬ ಸಂಗತಿಯನ್ನು ಇಂದಿನ ಓದುಗರು ಮರೆಯಬಾರದು.

3. ಮೂರು ಆಯಾಮ, ನಾಲ್ಕು ಅಳತೆ

ಸೂಚ್ಯಂಕವು ಬದುಕಿನ ಮೂರು ಮುಖಗಳನ್ನು ನೋಡುತ್ತದೆ: ದೀರ್ಘ ಹಾಗೂ ಆರೋಗ್ಯಕರ ಜೀವನ, ಜ್ಞಾನ, ಯೋಗ್ಯ ಜೀವನ ಮಟ್ಟ. ಇವುಗಳನ್ನು ಅಳೆಯಲು ನಾಲ್ಕು ಮಾಹಿತಿಗಳನ್ನು ಬಳಸಲಾಗುತ್ತದೆ.

ಮೊದಲನೆಯದು ಜೀವಿತಾವಧಿ ನಿರೀಕ್ಷೆ. ಇಂದಿನ ಮರಣ ಪ್ರಮಾಣವೇ ಮುಂದುವರಿದರೆ ಇಂದು ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕಬಹುದು ಎಂಬ ಅಂದಾಜು ಇದು. ಇದರ ಕನಿಷ್ಠ ಮಿತಿ 20 ವರ್ಷ, ಗರಿಷ್ಠ ಮಿತಿ 85 ವರ್ಷ.

ಎರಡನೆಯದು ನಿರೀಕ್ಷಿತ ಶಾಲಾ ವರ್ಷಗಳು. ಇಂದು ಶಾಲೆಗೆ ಸೇರುವ ವಯಸ್ಸಿನ ಮಗು, ಈಗಿನ ದಾಖಲಾತಿ ಪ್ರಮಾಣವೇ ಮುಂದುವರಿದರೆ, ಒಟ್ಟು ಎಷ್ಟು ವರ್ಷ ಕಲಿಯಬಹುದು ಎಂಬುದನ್ನು ಇದು ಹೇಳುತ್ತದೆ. ಗರಿಷ್ಠ ಮಿತಿ 18 ವರ್ಷ.

ಮೂರನೆಯದು ಸರಾಸರಿ ಶಾಲಾ ವರ್ಷಗಳು. 25 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ವಾಸ್ತವವಾಗಿ ಎಷ್ಟು ವರ್ಷ ಓದಿದ್ದಾರೆ ಎಂಬುದರ ಸರಾಸರಿ ಇದು. ಗರಿಷ್ಠ ಮಿತಿ 15 ವರ್ಷ. ಈ ಎರಡೂ ಶಾಲಾ ಅಳತೆಗಳಿಗೆ ಕನಿಷ್ಠ ಮಿತಿ ಸೊನ್ನೆ.

ನಾಲ್ಕನೆಯದು ತಲಾ ಒಟ್ಟು ರಾಷ್ಟ್ರೀಯ ಆದಾಯ. ದೇಶದಿಂದ ದೇಶಕ್ಕೆ ಬೆಲೆಗಳು ಬೇರೆಯಾಗಿರುವುದರಿಂದ ಇದನ್ನು ಕೊಳ್ಳುವ ಶಕ್ತಿಯ ಸಮಾನತೆಯ ಆಧಾರದ ಮೇಲೆ ಡಾಲರುಗಳಲ್ಲಿ ಲೆಕ್ಕ ಹಾಕುತ್ತಾರೆ. ಕನಿಷ್ಠ ಮಿತಿ 100, ಗರಿಷ್ಠ ಮಿತಿ 75,000 ಡಾಲರ್.

ಎರಡನೆಯ ಮತ್ತು ಮೂರನೆಯ ಅಳತೆಗಳ ವ್ಯತ್ಯಾಸವನ್ನು ಎಚ್ಚರದಿಂದ ತಿಳಿಯಬೇಕು. ಒಂದು ಓಣಿಯಲ್ಲಿ 25 ದಾಟಿದ ಹತ್ತು ಜನರಿದ್ದಾರೆಂದು ಭಾವಿಸೋಣ. ಅವರು ಓದಿದ ವರ್ಷಗಳು ಕ್ರಮವಾಗಿ 0, 0, 0, 4, 5, 7, 7, 10, 12, 15. ಒಟ್ಟು 60, ಸರಾಸರಿ 6 ವರ್ಷ. ಆದರೆ ಆರು ವರ್ಷ ಓದಿದವರು ಆ ಓಣಿಯಲ್ಲಿ ಒಬ್ಬರೂ ಇಲ್ಲ. ಮೂವರು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ. ಹದಿನೈದು ವರ್ಷ ಓದಿದವರು ಕೆಲಸಕ್ಕೆಂದು ಬೆಂಗಳೂರಿಗೆ ಹೋದರೆ ಉಳಿದ ಒಂಬತ್ತು ಜನರ ಸರಾಸರಿ 5ಕ್ಕೆ ಇಳಿಯುತ್ತದೆ. ಯಾರ ವಿದ್ಯೆಯೂ ಕಡಿಮೆಯಾಗಿಲ್ಲ, ಊರಿನ ಅಂಕಿ ಮಾತ್ರ ಕುಸಿದಿದೆ. ವಲಸೆಯಿರುವ ತಾಲ್ಲೂಕುಗಳ ಅಂಕಿಗಳನ್ನು ಓದುವಾಗ ಈ ಲೆಕ್ಕ ನೆನಪಿನಲ್ಲಿರಬೇಕು.

ಇನ್ನೊಂದು ಅಂಶವೂ ಇದರಲ್ಲಿ ಅಡಗಿದೆ. ಇಂದು 13ನೆಯ ವಯಸ್ಸಿಗೆ ಶಾಲೆ ಬಿಟ್ಟ ಬಾಲಕಿ ಸರಾಸರಿ ಶಾಲಾ ವರ್ಷಗಳ ಲೆಕ್ಕಕ್ಕೆ ಬರುವುದು ಆಕೆಗೆ 25 ತುಂಬಿದಾಗ, ಅಂದರೆ 12 ವರ್ಷಗಳ ನಂತರ. ಆ ಬಳಿಕ ಆಕೆ ಬದುಕಿರುವಷ್ಟು ಕಾಲವೂ ಆ ಏಳು ವರ್ಷದ ಓದು ಲೆಕ್ಕದಲ್ಲಿ ಹಾಗೆಯೇ ಉಳಿಯುತ್ತದೆ. ಇಂದಿನ ನಿರ್ಲಕ್ಷ್ಯದ ಫಲವನ್ನು ಸೂಚ್ಯಂಕ ತಡವಾಗಿ ತೋರಿಸುತ್ತದೆ. ತೋರಿಸುವ ವೇಳೆಗೆ ತಿದ್ದುವ ಕಾಲ ಮೀರಿರುತ್ತದೆ.

4. ಲೆಕ್ಕ ಹಾಕುವ ಬಗೆ: ಭಾರತದ ಉದಾಹರಣೆ

ವಿಶ್ವಸಂಸ್ಥೆಯ 2025ರ ವರದಿಯು 2023ನೆಯ ವರ್ಷದ ಮಾಹಿತಿಯನ್ನು ಆಧರಿಸಿದೆ. ಅದರ ಪ್ರಕಾರ ಭಾರತದ ಜೀವಿತಾವಧಿ ನಿರೀಕ್ಷೆ 72.0 ವರ್ಷ, ನಿರೀಕ್ಷಿತ ಶಾಲಾ ವರ್ಷ 13.0, ಸರಾಸರಿ ಶಾಲಾ ವರ್ಷ 6.9, ತಲಾ ಆದಾಯ ಸುಮಾರು 9,047 ಡಾಲರ್. ಇವುಗಳಿಂದ ಸೂಚ್ಯಂಕ ಬರುವ ಕ್ರಮ ಹೀಗಿದೆ.

ಆರೋಗ್ಯ: 72ರಿಂದ ಕನಿಷ್ಠ ಮಿತಿ 20ನ್ನು ಕಳೆದರೆ 52. ಕನಿಷ್ಠ, ಗರಿಷ್ಠ ಮಿತಿಗಳ ಅಂತರ 65. 52ನ್ನು 65ರಿಂದ ಭಾಗಿಸಿದರೆ 0.800.

ಶಿಕ್ಷಣ: 13ನ್ನು 18ರಿಂದ ಭಾಗಿಸಿದರೆ 0.722, 6.9ನ್ನು 15ರಿಂದ ಭಾಗಿಸಿದರೆ 0.460. ಎರಡರ ಸರಾಸರಿ 0.591.

ಆದಾಯ: ಇಲ್ಲಿ ನೇರ ಭಾಗಾಕಾರದ ಬದಲು ಲಘುಗಣಕವನ್ನು ಬಳಸುತ್ತಾರೆ. ಇದರ ಹಿಂದಿನ ತರ್ಕ ಕೂಲಿಕಾರನಿಗೂ ತಿಳಿದದ್ದೇ ಆಗಿದೆ. ವರ್ಷಕ್ಕೆ 1,000 ಡಾಲರ್ ದುಡಿಯುವವನಿಗೆ ಇನ್ನೊಂದು ಸಾವಿರ ಸಿಕ್ಕರೆ ಊಟ, ಬಟ್ಟೆ, ಔಷಧ ಎಲ್ಲವೂ ಬದಲಾಗುತ್ತವೆ. ಸೂಚ್ಯಂಕದಲ್ಲಿ ಆ ಏರಿಕೆಯ ಬೆಲೆ ಸುಮಾರು 0.105. 10,000 ದುಡಿಯುವವನಿಗೆ ಅದೇ ಸಾವಿರ ಸಿಕ್ಕರೆ ಏರಿಕೆ ಸುಮಾರು 0.014 ಮಾತ್ರ. ಈ ರೀತಿ ಲೆಕ್ಕ ಹಾಕಿದಾಗ ಭಾರತದ ಆದಾಯ ಸೂಚ್ಯಂಕ ಸುಮಾರು 0.680 ಆಗುತ್ತದೆ.

ಕೊನೆಯ ಹಂತದಲ್ಲಿ ಮೂರನ್ನೂ ಪರಸ್ಪರ ಗುಣಿಸಿ ಘನಮೂಲವನ್ನು ತೆಗೆಯಲಾಗುತ್ತದೆ. ಇದಕ್ಕೆ ಗುಣೋತ್ತರ ಸರಾಸರಿ ಎಂದು ಹೆಸರು. ಭಾರತಕ್ಕೆ ಬರುವ ಉತ್ತರ 0.685.

2010ಕ್ಕೆ ಮೊದಲು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸುತ್ತಿದ್ದರು. ಪದ್ಧತಿಯನ್ನು ಏಕೆ ಬದಲಿಸಲಾಯಿತು? ಆರೋಗ್ಯ 0.9, ಶಿಕ್ಷಣ 0.3, ಆದಾಯ 0.6 ಇರುವ ಒಂದು ನಾಡನ್ನು ಊಹಿಸಬಹುದು. ಕೂಡಿಸಿ ಭಾಗಿಸಿದರೆ 0.600; ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ಮುಚ್ಚಿಹಾಕುತ್ತದೆ. ಗುಣಿಸಿ ಘನಮೂಲ ತೆಗೆದರೆ 0.545; ಶಿಕ್ಷಣದ ಕೊರತೆಯ ದಂಡವನ್ನು ತೆರಲೇಬೇಕಾಗುತ್ತದೆ. ಒಂದು ಮುಖದ ಸಾಧನೆ ಇನ್ನೊಂದು ಮುಖದ ಸೋಲಿಗೆ ಸಮಾಧಾನವಾಗದು ಎಂಬ ತತ್ವ ಈ ಗಣಿತದೊಳಗೇ ಸೇರಿದೆ.

5. ದೇಶಗಳ ಹೋಲಿಕೆ ಕಲಿಸುವುದೇನು?

ಸೂಚ್ಯಂಕ 0.800 ಅಥವಾ ಹೆಚ್ಚಿದ್ದರೆ ಅತ್ಯುನ್ನತ, 0.700ರಿಂದ 0.799 ಉನ್ನತ, 0.550ರಿಂದ 0.699 ಮಧ್ಯಮ, ಅದಕ್ಕಿಂತ ಕಡಿಮೆಯಾದರೆ ಕೆಳ ಮಟ್ಟ ಎಂಬ ವರ್ಗೀಕರಣವಿದೆ. 2025ರ ವರದಿಯಲ್ಲಿ ಐಸ್‌ಲ್ಯಾಂಡ್ 0.972ರೊಂದಿಗೆ ಮೊದಲನೆಯದು, ದಕ್ಷಿಣ ಸುಡಾನ್ 0.388ರೊಂದಿಗೆ ಕೊನೆಯದು. ಭಾರತ ಮಧ್ಯಮ ವರ್ಗದಲ್ಲಿದ್ದು 193 ದೇಶಗಳಲ್ಲಿ 130ನೆಯ ಸ್ಥಾನದಲ್ಲಿದೆ. ಚೀನಾ 78ನೆಯ, ಶ್ರೀಲಂಕಾ 89ನೆಯ ಸ್ಥಾನದಲ್ಲಿವೆ. ಬಾಂಗ್ಲಾದೇಶವು ಭಾರತದೊಂದಿಗೆ 130ನೆಯ ಸ್ಥಾನವನ್ನು ಹಂಚಿಕೊಂಡಿದೆ. ಅದರ ತಲಾ ಆದಾಯ ಭಾರತಕ್ಕಿಂತ ಸ್ವಲ್ಪ ಕಡಿಮೆ, ಜೀವಿತಾವಧಿ ನಿರೀಕ್ಷೆ ಭಾರತಕ್ಕಿಂತ ಹೆಚ್ಚು. ಸಮಾನ ಸ್ಥಾನಕ್ಕೆ ಎರಡು ದೇಶಗಳು ಬೇರೆ ಬೇರೆ ದಾರಿಯಿಂದ ಬಂದಿವೆ.

ಸ್ಥಾನದ ಅಂಕಿಯೊಂದನ್ನೇ ನೋಡುವವರು ಏರುಗತಿಯನ್ನು ಕಾಣುವುದಿಲ್ಲ. 1990ರಲ್ಲಿ ಭಾರತದ ಸೂಚ್ಯಂಕ 0.446 ಇತ್ತು, ಜೀವಿತಾವಧಿ ನಿರೀಕ್ಷೆ 58.6 ವರ್ಷ. ಮೂರು ದಶಕಗಳಲ್ಲಿ ಭಾರತೀಯರ ಆಯುಸ್ಸು 13 ವರ್ಷಕ್ಕೂ ಹೆಚ್ಚು ಬೆಳೆದಿದೆ. ಸ್ಥಾನ ಇತರರನ್ನು ಅವಲಂಬಿಸಿದ್ದು; ಏರಿಕೆ ತನ್ನದೇ ಆದದ್ದು. ತಾಲ್ಲೂಕುಗಳ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಪಕ್ಕದ ತಾಲ್ಲೂಕಿಗಿಂತ ಮುಂದೋ ಹಿಂದೋ ಎಂಬ ಪ್ರಶ್ನೆಗಿಂತ ಐದು ವರ್ಷದ ಹಿಂದಿನ ತನಗಿಂತ ಮುಂದೋ ಹಿಂದೋ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

6. ಸರಾಸರಿ ಮರೆಮಾಡುವ ಸಂಗತಿಗಳು

ಸರಾಸರಿಯ ದೋಷವನ್ನು ತಿದ್ದಲು 2010ರಿಂದ ಅಸಮಾನತೆಗೆ ಹೊಂದಿಸಿದ ಸೂಚ್ಯಂಕವನ್ನೂ ಪ್ರಕಟಿಸಲಾಗುತ್ತಿದೆ. ಆರೋಗ್ಯ, ಶಿಕ್ಷಣ, ಆದಾಯಗಳು ಜನರ ನಡುವೆ ಎಷ್ಟು ಅಸಮವಾಗಿ ಹಂಚಿಕೆಯಾಗಿವೆಯೋ ಅಷ್ಟು ಅಂಕವನ್ನು ಅದು ಕಳೆಯುತ್ತದೆ. ಭಾರತ ಹೀಗೆ ಕಳೆದುಕೊಳ್ಳುವುದು ಶೇ. 30.7, ಆಗ 0.685 ಇದ್ದದ್ದು 0.475ಕ್ಕೆ ಇಳಿಯುತ್ತದೆ. ತಾಯಂದಿರ ಮರಣ, ಹದಿಹರೆಯದ ತಾಯ್ತನ, ಶಾಸನ ಸಭೆಗಳಲ್ಲಿ ಮಹಿಳೆಯರ ಪಾಲು, ಮಹಿಳೆಯರ ದುಡಿಮೆ ಮುಂತಾದವುಗಳನ್ನು ನೋಡುವ ಲಿಂಗ ಅಸಮಾನತಾ ಸೂಚ್ಯಂಕವೂ ಅದೇ ವರ್ಷ ಆರಂಭವಾಯಿತು.

ಬಹುಆಯಾಮದ ಬಡತನ ಸೂಚ್ಯಂಕ ಇನ್ನೊಂದು ಮುಖ್ಯ ಸಾಧನ. ಇದು ದೇಶದ ಸರಾಸರಿಯನ್ನು ಹಿಡಿಯದೆ ಮನೆ ಮನೆಯನ್ನು ನೋಡುತ್ತದೆ. ನೀತಿ ಆಯೋಗದ ರಾಷ್ಟ್ರೀಯ ಸೂಚ್ಯಂಕದಲ್ಲಿ 12 ಸೂಚಕಗಳಿವೆ: ಪೋಷಣೆ, ಮಕ್ಕಳ ಮತ್ತು ಹದಿಹರೆಯದವರ ಮರಣ, ತಾಯಿಯ ಆರೋಗ್ಯ, ಶಾಲಾ ವರ್ಷಗಳು, ಶಾಲಾ ಹಾಜರಾತಿ, ಅಡುಗೆ ಇಂಧನ, ನೈರ್ಮಲ್ಯ, ಕುಡಿಯುವ ನೀರು, ವಿದ್ಯುತ್, ವಸತಿ, ಆಸ್ತಿ, ಬ್ಯಾಂಕ್ ಖಾತೆ. ಈ ಲೆಕ್ಕದಲ್ಲಿ ಕರ್ನಾಟಕದ ಬಡವರ ಪ್ರಮಾಣ 2015-16ರಲ್ಲಿ ಶೇ. 12.77 ಇದ್ದದ್ದು 2019-21ರ ವೇಳೆಗೆ ಶೇ. 7.58ಕ್ಕೆ ಇಳಿಯಿತು. ಗ್ರಾಮ ಪಂಚಾಯಿತಿಯ ದೃಷ್ಟಿಯಿಂದ ಇದು ಬಹಳ ಉಪಯುಕ್ತ ಪಟ್ಟಿ; ಏಕೆಂದರೆ ಇದರ ಹೆಚ್ಚಿನ ಸೂಚಕಗಳು ಪಂಚಾಯಿತಿಯ ಕೈಗೆಟಕುವ ಕೆಲಸಗಳೇ ಆಗಿವೆ.

7. ಕರ್ನಾಟಕದ ಅನುಭವ

ದೇಶದಲ್ಲಿ ರಾಜ್ಯ ಮಟ್ಟದ ಮಾನವ ಅಭಿವೃದ್ಧಿ ವರದಿಯನ್ನು ಮೊದಲು ತಂದದ್ದು ಮಧ್ಯಪ್ರದೇಶ, 1995ರಲ್ಲಿ. ಕರ್ನಾಟಕದ ಮೊದಲ ವರದಿ 1999ರದು, ಎರಡನೆಯದು 2005ರದು. ಎರಡನೆಯ ವರದಿ 2001ನೆಯ ವರ್ಷಕ್ಕೆ ರಾಜ್ಯದ ಸೂಚ್ಯಂಕವನ್ನು 0.650 ಎಂದು ಲೆಕ್ಕ ಹಾಕಿತು. ಬೆಂಗಳೂರು ನಗರ ಜಿಲ್ಲೆ 0.753ರೊಂದಿಗೆ ಮೊದಲಿತ್ತು, ರಾಯಚೂರು 0.547ರೊಂದಿಗೆ ಕೊನೆಯಲ್ಲಿತ್ತು. ಬಳ್ಳಾರಿ 0.617, ದಾವಣಗೆರೆ 0.635, ಎರಡೂ ರಾಜ್ಯದ ಸರಾಸರಿಗಿಂತ ಕೆಳಗೆ. ಅದಿರಿನ ಗಣಿಗಳಿದ್ದ ಬಳ್ಳಾರಿ ಜಿಲ್ಲೆಯು ಮಾನವ ಅಭಿವೃದ್ಧಿಯಲ್ಲಿ ಹಿಂದುಳಿದಿದ್ದುದು, ನೆಲದ ಸಂಪತ್ತು ತಾನಾಗಿಯೇ ಜನರ ಆರೋಗ್ಯವಾಗಿ, ಅಕ್ಷರವಾಗಿ ಮಾರ್ಪಡುವುದಿಲ್ಲ ಎಂಬುದಕ್ಕೆ ಹತ್ತಿರದ ಸಾಕ್ಷಿ.

2014ರಲ್ಲಿ ಜಿಲ್ಲಾ ಪಂಚಾಯಿತಿಗಳ ಸಹಭಾಗಿತ್ವದಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳ ಮಾನವ ಅಭಿವೃದ್ಧಿ ವರದಿಗಳು ಸಿದ್ಧವಾದವು. ತಾಲ್ಲೂಕು ಮಟ್ಟದ ಸೂಚ್ಯಂಕಗಳನ್ನೂ ಲೆಕ್ಕ ಹಾಕಲಾಯಿತು. 2015ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಸೂಚ್ಯಂಕ ಬಂದಿತು. ಹಳ್ಳಿಯ ಮಟ್ಟದಲ್ಲಿ ತಲಾ ಆದಾಯದ ಲೆಕ್ಕ ದೊರೆಯುವುದಿಲ್ಲವಾದ್ದರಿಂದ ಅಲ್ಲಿ ಮನೆಯ ಸ್ಥಿತಿ, ಶೌಚಾಲಯ, ನೀರು, ವಿದ್ಯುತ್ತು, ಅಡುಗೆ ಇಂಧನದಂತಹ ಕುರುಹುಗಳಿಂದ ಜೀವನ ಮಟ್ಟವನ್ನು ಅಳೆಯಬೇಕಾಗುತ್ತದೆ. ಆದ್ದರಿಂದ ತಾಲ್ಲೂಕಿನ ಅಂಕಿಯನ್ನು ವಿಶ್ವಸಂಸ್ಥೆಯ ದೇಶದ ಅಂಕಿಯೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ. ಹೆಸರು ಒಂದೇ ಆದರೂ ಅಳತೆಗೋಲು ಬೇರೆ.

ಇದಕ್ಕಿಂತ ಭಿನ್ನವಾದ ಇನ್ನೊಂದು ಅಳತೆಯೂ ಈ ಭಾಗದಲ್ಲಿ ಪ್ರಸಿದ್ಧವಾಗಿದೆ. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ 2000ದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿಯು 2002ರಲ್ಲಿ ವರದಿ ನೀಡಿತು. ಅದು 35 ಸೂಚಕಗಳನ್ನು ಬಳಸಿ ಅಂದಿನ 175 ತಾಲ್ಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿಯನ್ನು 1 ಎಂದು ಹಿಡಿದು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಕೂಡ್ಲಿಗಿ ಮತ್ತು ಹರಪನಹಳ್ಳಿ ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿದ್ದವು. ಹೂವಿನಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಅತಿ ಹಿಂದುಳಿದವುಗಳಲ್ಲಿದ್ದವು. ಕೃಷಿ, ಉದ್ಯಮ, ರಸ್ತೆ, ಬ್ಯಾಂಕು ಮೊದಲಾದ ಸೌಕರ್ಯಗಳೂ ಈ ಲೆಕ್ಕದಲ್ಲಿ ಸೇರಿದ್ದವು. ಆದ್ದರಿಂದ ಇದು ಹೆಚ್ಚಾಗಿ ಪ್ರದೇಶದ ಅಭಿವೃದ್ಧಿಯ ಅಳತೆ. ಮಾನವ ಅಭಿವೃದ್ಧಿ ಸೂಚ್ಯಂಕವು ಜನರ ಬದುಕಿನ ಅಳತೆ. ಎರಡೂ ಬೇಕು, ಎರಡನ್ನೂ ಬೆರೆಸಬಾರದು.

8. ಗಡಿ ಬದಲಾದಾಗ ಅಂಕಿಯ ಪಾಡು

ಮೇಲಿನ ಪಟ್ಟಿಯಲ್ಲಿ ಕೊಟ್ಟೂರಿನ ಹೆಸರಿಲ್ಲ. ಅದು ಮುಂದುವರಿದಿತ್ತು ಎಂಬುದು ಕಾರಣವಲ್ಲ. ಆಗ ಅದು ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಕೊಟ್ಟೂರು ಒಂದು. ಹರಪನಹಳ್ಳಿಯ ಕಥೆ ಇನ್ನೂ ಸಂಕೀರ್ಣ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದು ಬಳ್ಳಾರಿಯಿಂದ ಅಲ್ಲಿಗೆ ಸೇರಿತು. ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ದೊರೆತಾಗ ಹರಪನಹಳ್ಳಿ ಆ ಗಡಿಯ ಹೊರಗಿತ್ತು. 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿದ ಬಳಿಕವೇ ಆ ಸೌಲಭ್ಯದ ದಾರಿ ತೆರೆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆಯೊಂದಿಗೆ ಈ ಐದೂ ತಾಲ್ಲೂಕುಗಳು ಒಂದೇ ಜಿಲ್ಲೆಯೊಳಗೆ ಬಂದವು.

ಇದರ ಪರಿಣಾಮವನ್ನು ಅಂಕಿ ಬಳಸುವವರು ಅರಿತಿರಬೇಕು. 2011ರ ಜನಗಣತಿಯಲ್ಲಿ ವಿಜಯನಗರ ಎಂಬ ಜಿಲ್ಲೆ ಇಲ್ಲ. ಅಂದಿನ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ. 67.43, ಮಹಿಳೆಯರದು ಶೇ. 58.09, ರಾಜ್ಯದ ಸಾಕ್ಷರತೆ ಶೇ. 75.36, ಮಹಿಳೆಯರದು ಶೇ. 68.08. ಬಳ್ಳಾರಿಯ ಈ ಅಂಕಿಯಲ್ಲಿ ಹರಪನಹಳ್ಳಿ ಸೇರಿಲ್ಲ. ಸಂಡೂರು, ಸಿರುಗುಪ್ಪಗಳು ಸೇರಿವೆ. ಆದ್ದರಿಂದ ಹಳೆಯ ಬಳ್ಳಾರಿಯ ಅಂಕಿಯನ್ನು ವಿಜಯನಗರದ ಅಂಕಿಯೆಂದು ಯೋಜನಾ ವರದಿಗಳಲ್ಲಿ ಬರೆಯುವುದು ತಪ್ಪು. ಗ್ರಾಮಗಳ ಅಂಕಿಗಳನ್ನು ಕೂಡಿಸಿ ಇಂದಿನ ತಾಲ್ಲೂಕಿನ ಗಡಿಗೆ ಹೊಂದಿಸಿದ ಮೇಲೆಯೇ ಹೋಲಿಕೆ ಮಾಡಬೇಕು.

9. ಸೂಚ್ಯಂಕದ ಕಣ್ಣಿಗೆ ಬೀಳದವರು

ಪಶ್ಚಿಮದ ಅಂಚಿನಲ್ಲಿ ತುಂಗಭದ್ರೆ ಹರಿದರೂ ಈ ಐದು ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ಭೂಮಿ. ಮಳೆ ಕೈಕೊಟ್ಟ ವರ್ಷ ಹಳ್ಳಿ ಮತ್ತು ತಾಂಡಾಗಳ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವ ಹಿರಿಯರಿಲ್ಲದಿದ್ದರೆ ಮಕ್ಕಳೂ ಜೊತೆಯಲ್ಲಿ ಹೋಗುತ್ತಾರೆ. ಜೂನ್ ತಿಂಗಳಲ್ಲಿ ದಾಖಲಾದ ಮಗುವಿನ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಇರುತ್ತದೆ, ಮಗು ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿರುತ್ತದೆ. ನಿರೀಕ್ಷಿತ ಶಾಲಾ ವರ್ಷಗಳ ಲೆಕ್ಕ ನಿಂತಿರುವುದು ದಾಖಲಾತಿಯ ಮೇಲೆ. ಹೀಗಾಗಿ ಆ ಮಗು ಸೂಚ್ಯಂಕದ ಪಾಲಿಗೆ ಓದುತ್ತಿರುವ ಮಗುವೇ ಆಗಿ ಉಳಿಯುತ್ತದೆ. ಅಂಕಿ ಚೆನ್ನಾಗಿದೆ, ಮಗು ತರಗತಿಯಲ್ಲಿಲ್ಲ.

ಆರೋಗ್ಯದ ಅಳತೆಯಲ್ಲಿಯೂ ಇಂಥ ಕುರುಡು ಜಾಗವಿದೆ. ಜೀವಿತಾವಧಿ ನಿರೀಕ್ಷೆ ಬದುಕಿದ ವರ್ಷಗಳನ್ನು ಎಣಿಸುತ್ತದೆ, ಬದುಕಿದ ಬಗೆಯನ್ನು ಎಣಿಸುವುದಿಲ್ಲ. ಆಳದ ಕೊಳವೆ ಬಾವಿಗಳ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಆಯುಸ್ಸಿನ ಅಂಕಿಯಲ್ಲಿ ಇದು ಕಾಣಿಸುವುದಿಲ್ಲ. ತುಂಗಭದ್ರಾ ಹಿನ್ನೀರಿನಿಂದ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ತಾಲ್ಲೂಕುಗಳಿಗೆ ಕುಡಿಯುವ ನೀರನ್ನು ತರುವ ಬಹುಗ್ರಾಮ ಯೋಜನೆಯ ಬೆಲೆಯನ್ನು ಸೂಚ್ಯಂಕದ ಏರಿಕೆಯಿಂದ ಅಳೆಯಲಾಗದು. ನೆಟ್ಟಗೆ ನಿಂತು ಕೆಲಸ ಮಾಡಬಲ್ಲ ದೇಹಗಳಿಂದ ಅಳೆಯಬೇಕು.

ಸೇವೆ ತಲುಪುವುದಕ್ಕೂ ಫಲ ಸಿಗುವುದಕ್ಕೂ ನಡುವೆ ಅಂತರವಿದೆ ಎಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಅಂಕಿಗಳು ಸಾಕ್ಷಿ. ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಆಸ್ಪತ್ರೆಯ ಬಾಗಿಲವರೆಗೆ ಬಂದ ಸಾಧನೆ ಊಟದ ತಟ್ಟೆಯವರೆಗೆ ಬಂದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

10. ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸ

ದೇಶದ ಸೂಚ್ಯಂಕವನ್ನು ಪ್ರಕಟಿಸುವುದು ದೂರದ ಕಚೇರಿಯಾದರೂ ಅದಕ್ಕೆ ಬೇಕಾದ ಮಾಹಿತಿಯ ಮೊದಲ ಸಾಲುಗಳು ಬರೆಯಲ್ಪಡುವುದು ಹಳ್ಳಿಯಲ್ಲಿಯೇ. ಜನನ ಮರಣ ನೋಂದಣಿ, ಶಾಲೆಯ ಹಾಜರಿ ಪುಸ್ತಕ, ಅಂಗನವಾಡಿಯ ತೂಕದ ದಾಖಲೆ, ತಾಯಿ ಕಾರ್ಡು ಇವೇ ಆ ಸಾಲುಗಳು. ಇಲ್ಲಿ ಒಂದು ಮಗುವಿನ ತೂಕವನ್ನು ನೋಡದೆ ಬರೆದರೆ ಅಥವಾ ಗೈರಾದ ಮಗುವಿಗೆ ಹಾಜರಿ ಹಾಕಿದರೆ ಮೇಲಿನ ಎಲ್ಲ ಲೆಕ್ಕಗಳೂ ಸುಳ್ಳಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ಆ ಮಗುವಿಗೆ ಸಿಗಬೇಕಾದ ನೆರವು ಸಿಗದೆ ಹೋಗುತ್ತದೆ. ಕೆಟ್ಟ ಅಂಕಿಯನ್ನು ಇದ್ದಂತೆಯೇ ಬರೆಯುವ ಕಾರ್ಯಕರ್ತೆಯನ್ನು ಗದರಿಸದಿರುವುದು ಮಾನವ ಅಭಿವೃದ್ಧಿಯ ಮೊದಲ ಹೆಜ್ಜೆ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರಲ್ಲಿ ಪ್ರಕಟಿಸಿದ ಪಂಚಾಯಿತಿ ಪ್ರಗತಿ ಸೂಚ್ಯಂಕವು ಬಡತನ ನಿವಾರಣೆ, ಆರೋಗ್ಯ, ಮಕ್ಕಳ ಸ್ನೇಹಿ, ನೀರು, ಮಹಿಳಾ ಸ್ನೇಹಿ ಮುಂತಾದ ಒಂಬತ್ತು ವಿಷಯಗಳಲ್ಲಿ ಗ್ರಾಮ ಪಂಚಾಯಿತಿಗಳನ್ನು ಅಳೆಯುತ್ತದೆ. ವಾರ್ಷಿಕ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವಾಗ ಈ ಅಂಕಗಳ ಜೊತೆಗೆ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಅ) ಊರಿನ ಸರಾಸರಿಯನ್ನು ಮಾತ್ರ ಬರೆಯದೆ ಪ್ರತಿ ಜನವಸತಿ, ಪ್ರತಿ ತಾಂಡಾ, ಪ್ರತಿ ಕಾಲೋನಿಯ ಅಂಕಿಯನ್ನು ಪ್ರತ್ಯೇಕವಾಗಿ ಬರೆಯುವುದು, ಹೆಣ್ಣು, ಗಂಡುಗಳ ಅಂಕಿಯನ್ನು ಬೇರ್ಪಡಿಸುವುದು.

ಆ) ಜೂನ್ ತಿಂಗಳ ದಾಖಲಾತಿಯ ಪಕ್ಕದಲ್ಲಿ ಡಿಸೆಂಬರ್ ಮತ್ತು ಫೆಬ್ರವರಿ ತಿಂಗಳ ಹಾಜರಾತಿಯನ್ನು ಬರೆಯುವುದು. ಎರಡರ ನಡುವಿನ ವ್ಯತ್ಯಾಸವೇ ಗುಳೆಯ ಅಳತೆ. ಆ ಸಂಖ್ಯೆ ಕೈಯಲ್ಲಿದ್ದರೆ ಋತುಮಾನದ ವಸತಿ ವ್ಯವಸ್ಥೆಗೂ, ಕುಟುಂಬಗಳು ಹೊರಡುವ ಮೊದಲೇ ಉದ್ಯೋಗ ಖಾತರಿ ಕೆಲಸ ಒದಗಿಸುವುದಕ್ಕೂ ಬೇಡಿಕೆ ಸಲ್ಲಿಸಬಹುದು.

ಇ) ಏಳನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳ ಹೆಸರಿನ ಪಟ್ಟಿ ಇಟ್ಟು, ಎಂಟನೆಯ ತರಗತಿಗೆ ಸೇರಿದವರನ್ನು ಜುಲೈ ತಿಂಗಳಲ್ಲಿ ಗುರುತಿಸುವುದು. ಸೇರದವರ ಮನೆಗೆ ಹೋಗುವುದು.

ಈ) ಕಾಮಗಾರಿಯ ಪೂರ್ಣತಾ ಪ್ರಮಾಣಪತ್ರದ ಜೊತೆಗೆ ಒಂದು ವರ್ಷದ ನಂತರದ ಫಲವನ್ನೂ ದಾಖಲಿಸುವುದು. ಶುದ್ಧ ನೀರಿನ ಘಟಕ ಉದ್ಘಾಟನೆಯಾಯಿತೇ ಎಂಬುದಲ್ಲ, ಇಂದು ನಡೆಯುತ್ತಿದೆಯೇ, ಎಷ್ಟು ಮನೆಗಳು ಅದರ ನೀರನ್ನು ಕುಡಿಯುತ್ತಿವೆ ಎಂಬುದು ಮುಖ್ಯ.

ಉ) ಈ ಅಂಕಿಗಳನ್ನು ಗ್ರಾಮ ಸಭೆಯಲ್ಲಿ, ಮಹಿಳಾ ಗ್ರಾಮ ಸಭೆಯಲ್ಲಿ, ಮಕ್ಕಳ ಗ್ರಾಮ ಸಭೆಯಲ್ಲಿ ಓದಿ ಹೇಳುವುದು. ತಮ್ಮ ಊರಿನ ಅಂಕಿ ಸರಿಯೋ ತಪ್ಪೋ ಎಂದು ಹೇಳಬಲ್ಲವರು ಊರಿನವರೇ.

11. ಉಪಸಂಹಾರ

ಸೂಚ್ಯಂಕ ಒಂದು ದೀಪ. ಅದು ಕತ್ತಲೆ ಎಲ್ಲಿದೆ ಎಂದು ತೋರಿಸುತ್ತದೆ. ಅಲ್ಲಿಗೆ ನಡೆದು ಹೋಗುವ ಕೆಲಸ ಮನುಷ್ಯರದು. ಇಪ್ಪತ್ತು ವರ್ಷಗಳಿಗೂ ಹಿಂದೆ ಈ ತಾಲ್ಲೂಕುಗಳಿಗೆ ಅಂಟಿದ 'ಹಿಂದುಳಿದ' ಎಂಬ ಹೆಸರನ್ನು ಅನುದಾನ ಕೇಳುವ ಅರ್ಹತಾ ಪತ್ರವೆಂದು ಮಾತ್ರ ಕಾಣುವುದು ಸುಲಭ. ಆ ಹೆಸರು ಕಳಚುವುದು ಕೂಡ್ಲಿಗಿಯ ಒಂದು ಹಳ್ಳಿಯಲ್ಲಿ, ಹರಪನಹಳ್ಳಿಯ ಒಂದು ತಾಂಡಾದಲ್ಲಿ, ಹಡಗಲಿಯ ಒಂದು ಕಾಲೋನಿಯಲ್ಲಿ ಇನ್ನೊಬ್ಬ ಬಾಲಕಿ ಹತ್ತನೆಯ ತರಗತಿ ಮುಗಿಸಿದಾಗ. ಆಕೆಗೆ 25 ತುಂಬುವ ವರ್ಷ ಪ್ರಕಟವಾಗುವ ವರದಿಯ ಒಂದು ಅಂಕಿಯನ್ನು ಈ ವರ್ಷದ ಹಾಜರಿ ಪುಸ್ತಕವೇ ಬರೆಯುತ್ತಿದೆ.

ತರಬೇತಿ ಸಭೆಯಲ್ಲಿ ಚರ್ಚೆಗೆ

1. ತಮ್ಮ ಗ್ರಾಮ ಪಂಚಾಯಿತಿಯ ಒಂದು ಓಣಿಯ 25 ವರ್ಷ ದಾಟಿದವರ ಸರಾಸರಿ ಶಾಲಾ ವರ್ಷಗಳನ್ನು ಲೆಕ್ಕ ಹಾಕಿರಿ. ಮಹಿಳೆಯರ ಮತ್ತು ಪುರುಷರ ಸರಾಸರಿ ಎಷ್ಟು ಭಿನ್ನವಾಗಿವೆ?

2. ಕಳೆದ ವರ್ಷದ ಯೋಜನೆಯಲ್ಲಿ ಸಾಧನವನ್ನು ಮಾತ್ರ ಅಳೆದ ಮೂರು ಕಾಮಗಾರಿಗಳನ್ನು ಗುರುತಿಸಿ, ಅವುಗಳ ಫಲವನ್ನು ಅಳೆಯುವ ಒಂದೊಂದು ಸೂಚಕವನ್ನು ಸೂಚಿಸಿರಿ.

3. ಸೂಚ್ಯಂಕದಲ್ಲಿ ಕಾಣಿಸದ, ಆದರೆ ತಮ್ಮ ಊರಿನ ಬದುಕನ್ನು ನಿರ್ಧರಿಸುವ ಒಂದು ಸಂಗತಿ ಯಾವುದು? ಅದನ್ನು ಯಾವ ರಿಜಿಸ್ಟರಿನಲ್ಲಿ, ಯಾರು, ಯಾವ ತಿಂಗಳಲ್ಲಿ ಬರೆಯಬಹುದು?